ವಿಡಿಯೋ ತುಂಬಾ ಮೀನಿದೆ, ಹಾಗಾದರೆ ಹವಳ ಚೆನ್ನಾಗಿದೆ ಅಂತಲೇ?

"ಹವಳ ಸಾಯ್ತಿದೆ, ಸಮುದ್ರ ಬಿಸಿ ಆಗ್ತಿದೆ ಅಂತ ಹೆದರಿಸೋರು ಇದನ್ನ ನೋಡಲಿ. ಇದು ನಮ್ಮ ಕರ್ನಾಟಕದ ನೇತ್ರಾಣಿ. ಎಷ್ಟು ಮೀನು ನೋಡಿ! ಎಲ್ಲರಿಗೂ ಶೇರ್ ಮಾಡಿ."

ಈ ಸಾಲುಗಳ ಜೊತೆಗೆ ಮುಕ್ಕಾಲು ನಿಮಿಷದ ಒಂದು ವಿಡಿಯೋ ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್ ಗ್ರೂಪೊಂದರಿಂದ ನಮಗೆ ಬಂತು. 'ನಿಜಾನಾ ಹೇಳಿ' ಅಂತ ಓದುಗರೊಬ್ಬರು ಕಳಿಸಿದ್ದರು. ಮೇಲೆ ಎರಡು ಬಾಣದ ಗುರುತು, ಅಂದರೆ ಅದಾಗಲೇ ಹಲವು ಕೈ ದಾಟಿ ಬಂದಿದೆ. ವಿಡಿಯೋದಲ್ಲಿ ನೀಲಿ ನೀರು, ಒಬ್ಬ ಡೈವರ್, ಅವನ ಸುತ್ತ ಹಳದಿ ಮೈಗೆ ಕಪ್ಪು ಪಟ್ಟೆಯ ಮೀನುಗಳ ಹಿಂಡು, ಹಿಂದೆ ಹಸಿರು-ನೀಲಿ ಬಣ್ಣದ ದೊಡ್ಡ ಮೀನುಗಳು ಬಂಡೆಯನ್ನು ಕೆರೆದು ತಿನ್ನುತ್ತಿವೆ.

ಇಂಥದ್ದು ಬಂದಾಗ ನಾವು ಮೊದಲು ಮಾಡುವ ಕೆಲಸ ಒಂದೇ: ವಿಡಿಯೋ ಎಲ್ಲಿಯದು ಅಂತ ಹುಡುಕುವುದು. ಮಾಲ್ಡೀವ್ಸ್‌ದು ಅಂಡಮಾನ್ ಆಗಿ, ಅಂಡಮಾನ್‌ದು ನೇತ್ರಾಣಿಯಾಗಿ ಓಡಾಡುವುದು ಹೊಸದೇನಲ್ಲ. ಫ್ರೇಮುಗಳನ್ನು ಕತ್ತರಿಸಿ ಗೂಗಲ್ ಲೆನ್ಸ್‌ಗೆ ಹಾಕಲು ಕೂತಾಗ ನಮ್ಮ ತಂಡದವಳೊಬ್ಬಳು ಹಿಂದಿನಿಂದ ಬಗ್ಗಿ ನೋಡಿ, "ಇದು ನಮ್ಮಣ್ಣನ ವಿಡಿಯೋ" ಅಂದಳು.

ಅವಳ ಅಣ್ಣ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದಾರೆ. ಶುಕ್ರವಾರ ರಾತ್ರಿ ಆಫೀಸಿನ ಗೆಳೆಯರ ಜೊತೆ ಬಸ್ಸು ಹತ್ತಿ ಮುರ್ಡೇಶ್ವರಕ್ಕೆ ಹೋಗಿ, ಶನಿವಾರ ನೇತ್ರಾಣಿಯಲ್ಲಿ ಮುಳುಗಿ, ಸೋಮವಾರ ಮತ್ತೆ ಕೆಲಸಕ್ಕೆ ಬಂದವರು. ವಿಡಿಯೋವನ್ನು ತಮ್ಮ ಫ್ಲ್ಯಾಟಿನ ಗ್ರೂಪಿಗೆ ಹಾಕಿದ್ದರು, ಅಷ್ಟೆ. ಅದಕ್ಕೆ 'ಹೆದರಿಸೋರು ನೋಡಲಿ' ಎಂಬ ಸಾಲನ್ನು ಯಾರು ಅಂಟಿಸಿದರೋ ಅವರಿಗೂ ಗೊತ್ತಿಲ್ಲ. ವಾರ ಕಳೆಯುವಷ್ಟರಲ್ಲಿ ಅದು ಅವರ ಊರಿನ ಗ್ರೂಪಿನಿಂದ ಅವರಿಗೇ ವಾಪಸ್ ಬಂದಿತ್ತು. ನಾವು ಫೋನ್ ಮಾಡಿದಾಗ ಅವರು ಕೇಳಿದ ಪ್ರಶ್ನೆಯಿಂದಲೇ ಈ ಲೇಖನ ಹುಟ್ಟಿದ್ದು: "ವಿಡಿಯೋ ನಂದು. ಜಾಗ ನೇತ್ರಾಣಿನೇ. ಮೀನು ಇದ್ದಿದ್ದೂ ನಿಜ. ಹಾಗಾದ್ರೆ ಇದರಲ್ಲಿ ಸುಳ್ಳು ಯಾವುದು?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ವಿಡಿಯೋ ನಿಜ. ಅದರಿಂದ ಎಳೆದ ತೀರ್ಮಾನ ತಪ್ಪು. ಮೀನು ಕಂಡಿತು ಅನ್ನುವುದು ಬೇರೆ, ಮೀನು ಎಣಿಸಿದೆವು ಅನ್ನುವುದು ಬೇರೆ. ಅದೂ ಅಲ್ಲದೆ ಆ ವಿಡಿಯೋದಲ್ಲಿರುವಂಥ ಮೀನುಗಳು ಹೆಚ್ಚಾಗಿ ಕಾಣುವುದು ಕೆಲವೊಮ್ಮೆ ಹವಳಕ್ಕೆ ಪೆಟ್ಟು ಬಿದ್ದಿರುವ ಗುರುತೂ ಆಗಿರಬಹುದು. ಇದು ಹೇಗೆ ಅಂತ ತಿಳಿಯಲು ಹವಳದ ದಿಬ್ಬದಲ್ಲಿ ಮೀನನ್ನು ಹೇಗೆ ಎಣಿಸುತ್ತಾರೆ ಅನ್ನುವುದು ಗೊತ್ತಿರಬೇಕು.

ಹೋಪ್‌ಫಾರ್ಮ್ ಸಿಗ್ನಲ್ಲಿನಲ್ಲಿ ನಿಂತು

ನೀರಿಗೆ ಇಳಿಯುವ ಮುಂಚೆ ವೈಟ್‌ಫೀಲ್ಡಿನ ಹೋಪ್‌ಫಾರ್ಮ್ ಜಂಕ್ಷನ್ನಿಗೆ ಬನ್ನಿ. 'ಈ ಕಡೆ ಎಷ್ಟು ಥರದ ವಾಹನ ಓಡಾಡುತ್ತವೆ, ಯಾವುದು ಎಷ್ಟು?' ಅಂತ ನಿಮ್ಮನ್ನು ಯಾರಾದರೂ ಕೇಳಿದರೆ ಹೇಗೆ ಎಣಿಸುತ್ತೀರಿ?

ಬೆಳಿಗ್ಗೆ 9ಕ್ಕೆ ನಿಂತರೆ ಕಂಪನಿ ಕ್ಯಾಬು, ಬೈಕು, ಬಿಎಂಟಿಸಿ ಬಸ್ಸು, ನೀರಿನ ಟ್ಯಾಂಕರು. ರಾತ್ರಿ 1ಕ್ಕೆ ನಿಂತರೆ ಲಾರಿಗಳದ್ದೇ ರಾಜ್ಯ. ಅದೇ ಕೆಲಸವನ್ನು ಪೀಣ್ಯದಲ್ಲಿ ಮಾಡಿದರೆ ಟಾಟಾ ಏಸ್‌ಗಳೇ ಹೆಚ್ಚು ಸಿಗುತ್ತವೆ. ಒಂದೇ ಕಡೆ ನಿಂತು ಎಣಿಸುವುದೋ, ರಸ್ತೆಯುದ್ದ ನಡೆಯುತ್ತ ಎಣಿಸುವುದೋ? ನಿಂತಿರುವ ಗಾಡಿ ಲೆಕ್ಕಕ್ಕಿದೆಯೋ ಇಲ್ಲವೋ? ಯೂಟರ್ನ್ ಹೊಡೆದು ಮತ್ತೆ ಬಂದ ಆಟೋವನ್ನು ಎರಡು ಸಲ ಹಿಡಿಯಬೇಕೋ? ನಾವು ಮೂವರು ಒಂದು ಸಂಜೆ ಚಹಾ ಅಂಗಡಿ ಮುಂದೆ ನಿಂತು ಇದನ್ನು ಮಾಡಿ ನೋಡಿದೆವು. ಒಂದೇ ಹತ್ತು ನಿಮಿಷ, ಒಂದೇ ರಸ್ತೆ, ಮೂವರ ಪಟ್ಟಿ ಮೂರು ಥರ. ಒಬ್ಬರು ಸೈಕಲ್ಲುಗಳನ್ನು ಪೂರ್ತಿ ಬಿಟ್ಟೇಬಿಟ್ಟಿದ್ದರು. ಕೇಳಿದರೆ, 'ಕಣ್ಣಿಗೇ ಬೀಳಲಿಲ್ಲ' ಅಂದರು.

ಹವಳದ ದಿಬ್ಬದಲ್ಲೂ ಇವೇ ತೊಂದರೆಗಳು. ಆದರೆ ಅಲ್ಲಿ ವಾಹನಗಳು ಮೇಲೆ-ಕೆಳಗೆಯೂ ಓಡುತ್ತವೆ, ನಿಮ್ಮನ್ನು ನೋಡಿ ಹೆದರಿ ಬಿಲ ಸೇರುತ್ತವೆ, ಕೆಲವು ಕುತೂಹಲಕ್ಕೆ ನಿಮ್ಮ ಹಿಂದೆಯೇ ಬರುತ್ತವೆ. ನಿಮ್ಮ ಸಿಲಿಂಡರಿನಲ್ಲಿ ಗಾಳಿ ಇರುವಷ್ಟು ಹೊತ್ತು ಮಾತ್ರ ನಿಮಗೆ ಸಮಯ.

ಟೇಪು, ಪೆನ್ಸಿಲ್, ಪ್ಲಾಸ್ಟಿಕ್ ಹಲಗೆ

ನೀರೊಳಗೆ ಈಜುತ್ತ, ಕಣ್ಣಳತೆಯಲ್ಲಿ ಮೀನು ಎಣಿಸುವ ಪದ್ಧತಿಯನ್ನು ವಿಜ್ಞಾನದ ಲೆಕ್ಕಕ್ಕೆ ತಂದವರು ವರ್ನನ್ ಬ್ರಾಕ್. ಹವಾಯಿ ದ್ವೀಪಗಳಲ್ಲಿ ಕೆಲಸ ಮಾಡಿದ ಅವರು 1954ರಲ್ಲಿ ಈ ಬಗ್ಗೆ ಪ್ರಬಂಧ ಬರೆದರು. ಏಳು ದಶಕ ಕಳೆದರೂ ಮೂಲ ವಿಧಾನ ಹೆಚ್ಚು ಬದಲಾಗಿಲ್ಲ. ಒಂದು ಅಳತೆ ಟೇಪನ್ನು ದಿಬ್ಬದ ಮೇಲೆ ನೇರವಾಗಿ ಹಾಸುತ್ತಾರೆ. ಬಹಳ ಕಡೆ 50 ಮೀಟರ್. ಟೇಪಿನ ಗುಂಟ ನಿಧಾನವಾಗಿ ಈಜುತ್ತ, ಮೊದಲೇ ಗೊತ್ತು ಮಾಡಿಕೊಂಡ ಅಗಲದೊಳಗೆ, ಉದಾಹರಣೆಗೆ 5 ಮೀಟರಿನೊಳಗೆ, ಕಂಡ ಮೀನನ್ನಷ್ಟೇ ಬರೆದುಕೊಳ್ಳುತ್ತಾರೆ. ಗೆರೆಯಾಚೆ ಎಂಥ ಚಂದದ ಮೀನು ಬಂದರೂ ಅದು ಲೆಕ್ಕಕ್ಕಿಲ್ಲ. ಬರೆಯುವುದು ಪ್ಲಾಸ್ಟಿಕ್ ಹಲಗೆ ಅಥವಾ ನೀರಿಗೆ ಹರಿಯದ ಕಾಗದದ ಮೇಲೆ, ಮಾಮೂಲಿ ಪೆನ್ಸಿಲಿನಲ್ಲಿ. ನೀರೊಳಗೆ ಪೆನ್ನಿಗಿಂತ ಪೆನ್ಸಿಲ್ಲೇ ನಂಬಿಕಸ್ತ.

ಅನೇಕ ತಂಡಗಳು ಒಂದೇ ಟೇಪಿನ ಮೇಲೆ ಎರಡು ಸುತ್ತು ಹೋಗುತ್ತವೆ. ಮೊದಲ ಸುತ್ತಿನಲ್ಲಿ ದೊಡ್ಡ, ವೇಗದ ಮೀನುಗಳು. ಅವು ಡೈವರನ್ನು ಕಂಡರೆ ಓಡಿಹೋಗುತ್ತವೆ, ಹಾಗಾಗಿ ಅವನ್ನು ಮೊದಲೇ ಹಿಡಿಯಬೇಕು. ಎರಡನೇ ಸುತ್ತಿನಲ್ಲಿ ಹವಳದ ಕೊಂಬೆಗಳ ನಡುವೆ ಇರುವ ಸಣ್ಣವು. ಇನ್ನೊಂದು ವಿಧಾನದಲ್ಲಿ ಟೇಪೇ ಇಲ್ಲ. ಡೈವರ್ ಒಂದು ಕಡೆ ನಿಂತು ತನ್ನ ಸುತ್ತ 7.5 ಮೀಟರ್ ವೃತ್ತದೊಳಗೆ 5 ನಿಮಿಷದಲ್ಲಿ ಕಂಡ ಜಾತಿಗಳನ್ನು ಪಟ್ಟಿ ಮಾಡುತ್ತಾನೆ, ಆಮೇಲೆ ಒಂದೊಂದನ್ನೂ ಎಣಿಸುತ್ತಾನೆ. ಇದನ್ನು 1986ರಲ್ಲಿ ಬೋನ್‌ಸ್ಯಾಕ್ ಮತ್ತು ಬ್ಯಾನರಾಟ್ ಎಂಬ ಸಂಶೋಧಕರು ರೂಪಿಸಿದರು. ನಮ್ಮ ಚಹಾ ಅಂಗಡಿ ಪ್ರಯೋಗ ಇದರ ಬಡ ತಮ್ಮ ಅನ್ನಬಹುದು.

ಮೀನಿನ ಉದ್ದವನ್ನೂ ಅಂದಾಜು ಮಾಡಬೇಕು, ಏಕೆಂದರೆ ಉದ್ದದಿಂದ ತೂಕದ ಲೆಕ್ಕ ಸಿಗುತ್ತದೆ. ಬೆರಳುದ್ದದ ನೂರು ಮೀನೂ ಮೊಳದುದ್ದದ ನೂರು ಮೀನೂ ಒಂದೇ ಅಲ್ಲವಲ್ಲ. ಆದರೆ ಮುಖವಾಡದ ಗಾಜಿನ ಮೂಲಕ ನೀರಿನಲ್ಲಿ ನೋಡಿದರೆ ಎಲ್ಲವೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಸರ್ವೆಗೆ ಮುಂಚೆ ಮರದಲ್ಲೋ ಪ್ಲಾಸ್ಟಿಕ್ಕಿನಲ್ಲೋ ಕತ್ತರಿಸಿದ ಮೀನಿನ ಆಕೃತಿಗಳನ್ನು ನೀರೊಳಗೆ ಇಟ್ಟು, ಉದ್ದ ಹೇಳಿಸಿ, ಆಮೇಲೆ ಅಳೆದು ಕಣ್ಣನ್ನು ಪಳಗಿಸುತ್ತಾರೆ. ('ಇಷ್ಟುದ್ದ ಮೀನು ನೋಡಿದೆ' ಅಂತ ಕೈ ಚಾಚಿ ತೋರಿಸುವ ನಿಮ್ಮ ಡೈವರ್ ಗೆಳೆಯ ಸುಳ್ಳು ಹೇಳುತ್ತಿಲ್ಲ. ಅವನಿಗೆ ಕಂಡಿದ್ದೇ ಅಷ್ಟು.)

ಇನ್ನು ಜಾತಿ ಗುರುತಿಸುವುದು. ಇದು ಕಷ್ಟದ ಭಾಗ. ಬಂಗುಡೆ, ಬೂತಾಯಿ, ಮುರು ಅಂತ ಮಾರ್ಕೆಟ್ಟಿನಲ್ಲಿ ಗುರುತಿಸುವ ಹಾಗಲ್ಲ. ಇಂಗ್ಲಿಷಿನಲ್ಲಿ ಪ್ಯಾರಟ್‌ಫಿಶ್ ಅನ್ನುವ ಗಿಳಿಮೀನುಗಳು ಮರಿಯಿದ್ದಾಗ ಒಂದು ಬಣ್ಣ, ಬೆಳೆದಾಗ ಇನ್ನೊಂದು ಬಣ್ಣ. ಎಷ್ಟೋ ಜಾತಿಗಳಲ್ಲಿ ಹೆಣ್ಣು ಮೀನು ಮುಂದೆ ಗಂಡಾಗಿ ಬದಲಾಗಿ ಮತ್ತೊಂದು ಬಣ್ಣ ತಾಳುತ್ತದೆ. ಹಿಂದಿನ ವಿಜ್ಞಾನಿಗಳು ಒಂದೇ ಜಾತಿಯ ಬೇರೆ ಬೇರೆ ವೇಷಗಳನ್ನು ಬೇರೆ ಬೇರೆ ಜಾತಿ ಎಂದುಕೊಂಡು ಹೆಸರಿಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಎಂಪರರ್ ಏಂಜೆಲ್‌ಫಿಶ್ ಎಂಬ ಮೀನಿನ ಮರಿಗೆ ಕಡುನೀಲಿ ಮೈಮೇಲೆ ಬಿಳಿ ಸುರುಳಿಗಳು, ದೊಡ್ಡದಕ್ಕೆ ಹಳದಿ ಗೆರೆಗಳು. ಅಮ್ಮ-ಮಗು ಅಂತ ಹೇಳಿದರೂ ನಂಬುವುದು ಕಷ್ಟ.

ಕಣ್ಣಿಗೆ ಬೀಳದವು

ನಮ್ಮ ಗೆಳೆಯರು ಸೈಕಲ್ ಬಿಟ್ಟ ಹಾಗೆ, ಎಂಥ ಪಳಗಿದ ಡೈವರನ್ನೂ ತಪ್ಪಿಸಿಕೊಳ್ಳುವ ಮೀನುಗಳಿವೆ. 5 ಸೆಂಟಿಮೀಟರಿಗಿಂತ ಚಿಕ್ಕವು, ಬಂಡೆಯ ಬಣ್ಣಕ್ಕೇ ಬಣ್ಣ ಸೇರಿಸಿ ತಳದಲ್ಲಿ ಕೂತಿರುವವು. ಇವು ಕೆಲವೇ ವಾರ ಬದುಕಿ ಸಾಯುತ್ತವೆ ಅಥವಾ ಯಾರದ್ದೋ ಹೊಟ್ಟೆ ಸೇರುತ್ತವೆ, ಅಷ್ಟೇ ಬೇಗ ಹೊಸವು ಹುಟ್ಟುತ್ತವೆ. 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಹವಳದ ದಿಬ್ಬದಲ್ಲಿ ಆಹಾರವಾಗಿ ಹೋಗುವ ಮೀನಿನ ತೂಕದಲ್ಲಿ ಸುಮಾರು 60 ಶೇಕಡಾ ಇಂಥ ಪುಟಾಣಿಗಳದ್ದೇ ಎಂದು ಲೆಕ್ಕ ಹಾಕಿತು. ಇಡೀ ದಿಬ್ಬಕ್ಕೆ ಊಟ ಹಾಕುವವರು ವಿಡಿಯೋದಲ್ಲೇ ಇರುವುದಿಲ್ಲ.

ರಾತ್ರಿ ಪಾಳಿಯವರೂ ಇದ್ದಾರೆ. ಎಲೆಕ್ಟ್ರಾನಿಕ್ ಸಿಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಗಲು ಓಡಾಡುವ ಚಿಟ್ಟೆಮೀನು, ಗಿಳಿಮೀನುಗಳು ಸಂಜೆಯಾಗುತ್ತಲೇ ಸಂದಿಗಳಿಗೆ ನುಗ್ಗಿ ಮಲಗುತ್ತವೆ. ಸ್ವಲ್ಪ ಹೊತ್ತು ದಿಬ್ಬವೇ ಖಾಲಿ ಹೊಡೆಯುತ್ತದೆ. ಆಮೇಲೆ ದೊಡ್ಡ ಕಣ್ಣಿನ ಕೆಂಪು ಮೀನುಗಳು ಹೊರಗೆ ಬರುತ್ತವೆ. ಮಧ್ಯಾಹ್ನ 11ಕ್ಕೆ ಮುಳುಗಿದ ಪ್ರವಾಸಿಗೆ ಅವುಗಳ ಪರಿಚಯವೇ ಆಗುವುದಿಲ್ಲ.

ಹಾಗಾಗಿ ಈಗ ಕಣ್ಣಳತೆಯ ಜೊತೆಗೆ ಬೇರೆ ಉಪಾಯಗಳೂ ಬಂದಿವೆ. ಕ್ಯಾಮೆರಾದ ಮುಂದೆ ಮೀನಿನ ತುಣುಕು ಕಟ್ಟಿ, ತಳದಲ್ಲಿ ಇಟ್ಟು, ಡೈವರುಗಳು ದೂರ ಹೋಗಿಬಿಡುತ್ತಾರೆ. ಆಮೇಲೆ ಚಿತ್ರ ನೋಡಿ ಎಣಿಸುತ್ತಾರೆ. ಇಲ್ಲೂ ಯೂಟರ್ನ್ ಆಟೋದ ಸಮಸ್ಯೆ ಇದೆಯಲ್ಲ, ಅದಕ್ಕೆ ಒಂದೇ ಫ್ರೇಮಿನಲ್ಲಿ ಒಟ್ಟಿಗೆ ಕಂಡ ಅತಿ ಹೆಚ್ಚು ಸಂಖ್ಯೆಯನ್ನಷ್ಟೇ ತೆಗೆದುಕೊಳ್ಳುತ್ತಾರೆ. ಇದೇ ಉಪಾಯದಲ್ಲಿ 58 ದೇಶಗಳ 371 ಹವಳದ ದಿಬ್ಬಗಳನ್ನು ನೋಡಿದ ದೊಡ್ಡ ಸರ್ವೆಯೊಂದು 2020ರಲ್ಲಿ ಪ್ರಕಟವಾಯಿತು. ಹೆಚ್ಚುಕಡಿಮೆ ಐದರಲ್ಲಿ ಒಂದು ದಿಬ್ಬದಲ್ಲಿ ಒಂದೇ ಒಂದು ಶಾರ್ಕ್ ಕೂಡ ಕ್ಯಾಮೆರಾಗೆ ಬೀಳಲಿಲ್ಲ. ಇನ್ನೊಂದು ಉಪಾಯದಲ್ಲಿ ಮೀನನ್ನೇ ನೋಡುವುದಿಲ್ಲ. ಒಂದೆರಡು ಲೀಟರ್ ಸಮುದ್ರದ ನೀರು ಸೋಸಿ, ಮೀನುಗಳ ಮೈಯಿಂದ ಉದುರಿ ಬೆರೆತ ಡಿಎನ್‌ಎ ಹುಡುಕಿ, ಯಾರ್ಯಾರು ಈ ಕಡೆ ಓಡಾಡಿದ್ದಾರೆ ಅಂತ ಪತ್ತೆ ಮಾಡುತ್ತಾರೆ. ಜಾತಿ ಗೊತ್ತಾಗುತ್ತದೆ, ಎಷ್ಟು ಮೀನು ಅನ್ನುವುದು ಇದರಿಂದ ಸರಿಯಾಗಿ ತಿಳಿಯುವುದಿಲ್ಲ.

ಒಟ್ಟಿನಲ್ಲಿ ಯಾವ ವಿಧಾನವೂ ಪೂರ್ತಿ ಮೀನನ್ನು ಎಣಿಸುವುದಿಲ್ಲ. ಹಾಗಾದರೆ ಸರ್ವೆಗೆ ಬೆಲೆ ಬರುವುದು ಎಲ್ಲಿಂದ? ಅದೇ ಜಾಗ, ಅದೇ ಆಳ, ಅದೇ ಉದ್ದದ ಟೇಪು, ಅದೇ ಋತು. ವರ್ಷ ಬಿಟ್ಟು ವರ್ಷ ಮತ್ತೆ ಮತ್ತೆ. ತಪ್ಪು ಎಣಿಸಿದರೂ ಪ್ರತಿ ಸಲ ಒಂದೇ ರೀತಿ ತಪ್ಪು ಎಣಿಸಿದರೆ ಏರಿತೋ ಇಳಿಯಿತೋ ಅನ್ನುವುದಾದರೂ ಗೊತ್ತಾಗುತ್ತದೆ. ಒಂದು ವಿಡಿಯೋದಲ್ಲಿ ಇಲ್ಲದಿರುವುದು ಇದೇ.

ಮೀನು ಜಾಸ್ತಿಯಾಗಿದ್ದೇಕೆ?

ಈಗ ಫಾರ್ವರ್ಡಿನ ಮುಖ್ಯ ವಾದಕ್ಕೆ ಬರೋಣ: ಮೀನು ತುಂಬಿದೆ, ಆದ್ದರಿಂದ ಹವಳ ಚೆನ್ನಾಗಿದೆ.

ಹವಳ ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿ. ಸಾವಿರಾರು ಪುಟ್ಟ ಪ್ರಾಣಿಗಳು ಒಟ್ಟಾಗಿ ಸುಣ್ಣದ ಗೂಡು ಕಟ್ಟಿಕೊಂಡು ಬದುಕುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಇರುತ್ತದೆ. ಬಾಡಿಗೆಯಾಗಿ ಅದು ಬಿಸಿಲಿನಿಂದ ತಯಾರಿಸಿದ ಸಕ್ಕರೆ ಕೊಡುತ್ತದೆ. ಆ ಜಾಗದ ಅತಿ ಬಿಸಿ ತಿಂಗಳ ಸರಾಸರಿಗಿಂತ ನೀರು ಬರೀ 1 ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಇದ್ದರೆ ಸಾಕು, ಸಂಬಂಧ ಮುರಿದು ಹವಳ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಬೆಳ್ಳಗಾಗುತ್ತದೆ. ಇದನ್ನೇ ಬಿಳಿಚುವಿಕೆ ಅನ್ನುತ್ತಾರೆ. ಬೇಗ ನೀರು ತಣ್ಣಗಾದರೆ ಹವಳ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಸಮುದ್ರ ಮತ್ತು ಹವಾಮಾನ ಸಂಸ್ಥೆ ನೋವಾ, ಜಗತ್ತಿನ ನಾಲ್ಕನೇ ಸಾಮೂಹಿಕ ಬಿಳಿಚುವಿಕೆ ನಡೆಯುತ್ತಿದೆ ಎಂದು ಘೋಷಿಸಿತು. ಮರುತಿಂಗಳೇ ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಲಕ್ಷದ್ವೀಪದಲ್ಲೂ ಹವಳ ಬಿಳಿಚಿರುವುದನ್ನು ವರದಿ ಮಾಡಿತು.

ಹವಳ ಸತ್ತ ಮರುದಿನ ಮೀನು ಖಾಲಿಯಾಗುವುದಿಲ್ಲ. ಇದನ್ನು ಯೋಚಿಸಿ: ಒಂದು ಫ್ಯಾಕ್ಟರಿ ಮುಚ್ಚಿದರೆ ಕಟ್ಟಡ ಮರುದಿನವೇ ಬೀಳುವುದಿಲ್ಲ. ಸತ್ತ ಹವಳದ ಅಸ್ಥಿಪಂಜರ ವರ್ಷಗಟ್ಟಲೆ ನಿಂತೇ ಇರುತ್ತದೆ, ಮೀನುಗಳಿಗೆ ಅಡಗಲು ಸಂದಿಗಳು ಇದ್ದೇ ಇರುತ್ತವೆ. ಅಲೆಗೆ ಸವೆದು, ಬಿರುಗಾಳಿಗೆ ಮುರಿದು, ಕಟ್ಟಡ ಕುಸಿದು ಸಮತಟ್ಟಾದಾಗಲೇ ಬಾಡಿಗೆದಾರರು ನಿಜಕ್ಕೂ ಜಾಗ ಖಾಲಿ ಮಾಡುವುದು.

ಆ ನಡುವಿನ ಕಾಲದಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಸತ್ತ ಹವಳದ ಮೇಲೆ ಹೊಸ ಪಾಚಿ, ಸೂಕ್ಷ್ಮಜೀವಿಗಳ ಪದರ ಬೆಳೆಯುತ್ತದೆ. ಗಿಳಿಮೀನುಗಳಿಗೆ ಅದು ಹಬ್ಬದೂಟ. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಸಮೂಹದಲ್ಲೂ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲೂ 2016ರ ಬಿಳಿಚುವಿಕೆಯ ಆಚೀಚೆ ಎಣಿಸಿದ ಸಂಶೋಧಕರು, ಹೆಚ್ಚು ಪೆಟ್ಟು ತಿಂದ ಜಾಗಗಳಲ್ಲಿ ಗಿಳಿಮೀನುಗಳ ಸಂಖ್ಯೆ ಎರಡರಿಂದ ಎಂಟು ಪಟ್ಟು ಹೆಚ್ಚಿದ್ದನ್ನು ಕಂಡರು. ಮೀನುಗಳು ಗಾತ್ರದಲ್ಲೂ ದಪ್ಪವಾಗಿದ್ದವು. ಆ ಹೊತ್ತಿಗೆ ಅಲ್ಲಿ ಯಾರಾದರೂ ಮುಕ್ಕಾಲು ನಿಮಿಷದ ವಿಡಿಯೋ ಮಾಡಿದ್ದರೆ? 'ಎಷ್ಟು ಮೀನು ನೋಡಿ' ಅಂತಲೇ ಅನ್ನುತ್ತಿದ್ದರು.

ಅದೇ ಹೊತ್ತಿಗೆ ಕಡಿಮೆಯಾಗುವವರು ಬೇರೆ. ಜೀವಂತ ಹವಳವನ್ನೇ ಕುಟುಕಿ ತಿಂದು ಬದುಕುವ ಕೆಲವು ಚಿಟ್ಟೆಮೀನುಗಳಿವೆ. ಹವಳದ ಕೊಂಬೆಯೇ ಮನೆಯಾಗಿರುವ ಸಣ್ಣ ಮೀನುಗಳಿವೆ. ಅವು ಮೊದಲು ಇಲ್ಲವಾಗುತ್ತವೆ. ಅದಕ್ಕೇ ಸರ್ವೆ ಮಾಡುವವರು 'ಎಷ್ಟು ಮೀನು' ಅನ್ನುವುದಕ್ಕಿಂತ 'ಯಾವ ಮೀನು, ಏನು ತಿನ್ನುವ ಮೀನು' ಅಂತ ಕೇಳುತ್ತಾರೆ. ಸಿಗ್ನಲ್ಲಿನಲ್ಲಿ ವಾಹನ ಹೆಚ್ಚಾಯಿತು ಅಂದರೆ ಸಾಲದು, ಹೆಚ್ಚಾಗಿದ್ದು ಸ್ಕೂಲ್ ಬಸ್ಸೋ ಆಂಬುಲೆನ್ಸೋ ಅನ್ನುವುದು ಗೊತ್ತಾಗಬೇಕು.

ಹಾಗಂತ ಗಿಳಿಮೀನು ಕಂಡರೆ ಅಪಶಕುನ ಅಂದುಕೊಳ್ಳಬೇಡಿ. ಅವು ಪಾಚಿ ತಿಂದು ಬಂಡೆ ಚೊಕ್ಕಟ ಮಾಡಿದರೇನೇ ಹೊಸ ಹವಳದ ಮರಿಗಳಿಗೆ ಅಂಟಿಕೊಳ್ಳಲು ಜಾಗ. ಸೇಶೆಲ್ಸ್ ದ್ವೀಪಗಳ ಕತೆ ಇದಕ್ಕೆ ಸಾಕ್ಷಿ. 1998ರ ಬಿಸಿಗೆ ಅಲ್ಲಿನ ಹವಳದಲ್ಲಿ 90 ಶೇಕಡಾಕ್ಕೂ ಹೆಚ್ಚು ಸತ್ತಿತು. ಅದೃಷ್ಟಕ್ಕೆ 1994ರಲ್ಲೇ ಒಂದು ತಂಡ ಅಲ್ಲಿ 21 ಜಾಗಗಳಲ್ಲಿ ಮೀನು ಮತ್ತು ಹವಳ ಎಣಿಸಿತ್ತು. ಅದೇ ಜಾಗಗಳಿಗೆ ಮತ್ತೆ ಮತ್ತೆ ಹೋಗಿ ಎಣಿಸಿದಾಗ 12 ಕಡೆ ಹವಳ ಚೇತರಿಸಿಕೊಂಡಿತ್ತು, 9 ಕಡೆ ಪಾಚಿಯೇ ಗೆದ್ದಿತ್ತು. ಚೇತರಿಸಿಕೊಂಡ ಕಡೆ ನೀರು ಆಳವಿತ್ತು, ದಿಬ್ಬದ ಏರುತಗ್ಗುಗಳು ಉಳಿದಿದ್ದವು, ಪಾಚಿ ತಿನ್ನುವ ಮೀನುಗಳೂ ಚೆನ್ನಾಗಿದ್ದವು. 1994ರ ಆ ಹಳೆಯ ಲೆಕ್ಕ ಇಲ್ಲದಿದ್ದರೆ 'ಮೊದಲು ಹೀಗೇ ಇತ್ತೇನೋ' ಅಂದುಕೊಂಡು ಸುಮ್ಮನಿರಬೇಕಾಗಿತ್ತು.

ಮೈಸೂರಿನವರು ಇಟ್ಟ ಲೆಕ್ಕ

ಇಂಥ ದೀರ್ಘಕಾಲದ ಲೆಕ್ಕ ನಮ್ಮ ಹತ್ತಿರದಲ್ಲೇ ಇದೆ. ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ರೋಹನ್ ಆರ್ಥರ್ ಮತ್ತು ಅವರ ಜೊತೆಗಾರರು 1998ರಿಂದ ಲಕ್ಷದ್ವೀಪದ ಹವಳವನ್ನು ನೋಡುತ್ತ ಬಂದಿದ್ದಾರೆ. ಲಕ್ಷದ್ವೀಪ ಪೂರ್ತಿ ಹವಳದಿಂದಲೇ ಆದ ದ್ವೀಪಗಳು. ಒಟ್ಟು 36, ಅದರಲ್ಲಿ ಜನವಸತಿ ಇರುವುದು 10ರಲ್ಲಿ. 1998, 2010, 2016 ಹೀಗೆ ಮೂರು ದೊಡ್ಡ ಬಿಸಿ ಅಲೆಗಳನ್ನು ಆ ತಂಡ ಕಂಡಿದೆ. ಅಗತ್ತಿ, ಕದ್ಮತ್, ಕವರತ್ತಿ ದ್ವೀಪಗಳ 24 ವರ್ಷಗಳ ಲೆಕ್ಕ 2025ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಜೀವಂತ ಹವಳದ ಹೊದಿಕೆ ಸುಮಾರು ಅರ್ಧಕ್ಕೆ ಇಳಿದಿದೆ.

ಲಕ್ಷದ್ವೀಪದಲ್ಲಿ ಒಂದು ಅನುಕೂಲವಿತ್ತು. ಅಲ್ಲಿನ ಮೀನುಗಾರರು ಹೆಚ್ಚಾಗಿ ಗಾಳದ ಕೋಲಿನಲ್ಲಿ ಟ್ಯೂನಾ ಹಿಡಿಯುವವರು. ದಿಬ್ಬದ ಮೀನಿಗೆ ಕೈ ಹಾಕಿದ್ದು ಕಡಿಮೆ. ಹಾಗಾಗಿ ಪಾಚಿ ತಿನ್ನುವ ಮೀನುಗಳು ಉಳಿದಿದ್ದವು, ಹವಳ ಬಿದ್ದರೂ ಏಳಲು ಅವುಗಳ ಸಹಾಯವಿತ್ತು. ಈಗ ದಿಬ್ಬದ ಮೀನಿಗೂ ಹೊರಗಿನಿಂದ ಬೇಡಿಕೆ ಬರುತ್ತಿದೆ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಅಲ್ಲಿನ ಮೀನುಗಾರರ ಜೊತೆ ಸೇರಿ, ಅವರು ಹಿಡಿದ ಮೀನಿನ ಲೆಕ್ಕವನ್ನು ಅವರೇ ಪುಸ್ತಕದಲ್ಲಿ ಬರೆದಿಡುವ ಕೆಲಸ ಮಾಡಿಸಿದೆ. ನಮಗೆ ಇದು ಎಲ್ಲಕ್ಕಿಂತ ಹಿಡಿಸಿತು. ದಿನಾ ಕಡಲಿಗೆ ಹೋಗುವವರಿಗಿಂತ ಹೆಚ್ಚು ಸಲ ಮೀನು ನೋಡುವವರು ಯಾರಿದ್ದಾರೆ?

ಮತ್ತೆ ನೇತ್ರಾಣಿಗೆ

ನೇತ್ರಾಣಿ ಇರುವುದು ಉತ್ತರ ಕನ್ನಡದ ಭಟ್ಕಳ ತಾಲ್ಲೂಕಿನ ಕರಾವಳಿಯಾಚೆ, ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ. 'ಹವಳದ ದ್ವೀಪ' ಅಂತ ಫಾರ್ವರ್ಡುಗಳಲ್ಲಿ ಬರುತ್ತದೆ, ಅದು ಅಷ್ಟು ಸರಿಯಲ್ಲ. ಲಕ್ಷದ್ವೀಪದ ಹಾಗೆ ಹವಳದಿಂದ ಆದದ್ದಲ್ಲ, ಕಡಿದಾದ ಬಂಡೆಯ ದ್ವೀಪ. ಅದರ ಬುಡದ ಬಂಡೆಗಳ ಮೇಲೆ ಹವಳ ಬೆಳೆದಿದೆ. ಮಳೆಗಾಲದಲ್ಲಿ ನದಿಗಳು ತರುವ ಕೆಸರುನೀರಿನ ಕರಾವಳಿಯಲ್ಲಿ, ದಡದಿಂದ ಇಷ್ಟು ದೂರ ಇರುವುದೇ ಅಲ್ಲಿನ ಹವಳಕ್ಕೆ ವರವಾಗಿದೆ. ನೌಕಾಪಡೆ ಇದೇ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದೂ, ಅದಕ್ಕೆ ಪರಿಸರದವರು ಆಕ್ಷೇಪಿಸಿದ್ದೂ ಹಳೆಯ ಸುದ್ದಿ. 2022ರಲ್ಲಿ ತೆರೆಕಂಡ 'ಗಂಧದ ಗುಡಿ'ಯಲ್ಲಿ ಪುನೀತ್ ರಾಜ್‌ಕುಮಾರ್ ಇಲ್ಲಿ ಮುಳುಗಿದ್ದನ್ನು ನೋಡಿದ ಮೇಲೆ 'ನಾವೂ ಒಮ್ಮೆ ಹೋಗಬೇಕು' ಅಂದವರು ನಮ್ಮ ಆಫೀಸಿನಲ್ಲೇ ನಾಲ್ವರು.

ಇಲ್ಲಿ ಯಾರೂ ಎಣಿಸಿಲ್ಲ ಅಂತಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನೇತ್ರಾಣಿಯಲ್ಲಿ ಮುಳುಗಿ ಹವಳ, ಮೀನು ಮತ್ತು ಇತರ ಜೀವಿಗಳ ಪಟ್ಟಿ ಮಾಡಿ 2008ರಲ್ಲಿ ಪ್ರಕಟಿಸಿದ್ದಾರೆ. ಸೇಶೆಲ್ಸ್‌ಗೆ 1994ರ ಲೆಕ್ಕ ಹೇಗೋ ಹಾಗೆ ನಮ್ಮ ಕರಾವಳಿಗೆ ಈ ಪಟ್ಟಿ. ಮುಂದೆ ಅದರ ಪಕ್ಕ ಇಟ್ಟು ನೋಡಲು ಏನಾದರೂ ಬೇಕು, ಅದೂ ಅದೇ ಥರದ ಎಣಿಕೆಯೇ ಆಗಿರಬೇಕು.

ತಂಗಿಯ ಅಣ್ಣನ ವಿಡಿಯೋ ಆ ಕೆಲಸ ಮಾಡಲಾರದು. ಮೊದಲ ಸಲ ಮುಳುಗುವವರನ್ನು ಬೋಧಕರು ಕೈಹಿಡಿದು, ಸುಲಭವಾದ, ತಿಳಿನೀರಿನ, ಮೀನು ಚೆನ್ನಾಗಿ ಕಾಣುವ ಜಾಗಕ್ಕೇ ಕರೆದುಕೊಂಡು ಹೋಗುತ್ತಾರೆ. ಅದು ಅವರ ಕೆಲಸ, ತಪ್ಪೇನಿಲ್ಲ. ಅರ್ಧ ಗಂಟೆ ಕ್ಯಾಮೆರಾ ಓಡಿದರೂ ಗ್ರೂಪಿಗೆ ಹೋಗುವುದು ಅತಿ ಚಂದದ ಮುಕ್ಕಾಲು ನಿಮಿಷ. ಹಳದಿ ಮೈಯ ಕಪ್ಪು ಪಟ್ಟೆ ಮೀನುಗಳು ಇವೆಯಲ್ಲ, ಸಾರ್ಜೆಂಟ್ ಮೀನುಗಳು, ಅವು ಡೈವರಿಗೆ ಹೆದರದೆ ಹತ್ತಿರ ಬರುವವು. ಕೆಲವು ಪ್ರವಾಸಿ ಜಾಗಗಳಲ್ಲಿ ಬ್ರೆಡ್ಡು, ಬಿಸ್ಕತ್ತು ಹಾಕಿ ಇವುಗಳನ್ನು ಸೇರಿಸುವ ಅಭ್ಯಾಸವೂ ಇದೆ. ಈ ವಿಡಿಯೋದಿಂದ ನೇತ್ರಾಣಿಯ ಹವಳ ಸತ್ತಿದೆ ಅಂತಲೂ ಹೇಳಲಾಗದು, ಚೆನ್ನಾಗಿದೆ ಅಂತಲೂ ಹೇಳಲಾಗದು.

"ಹಾಗಾದ್ರೆ ನನ್ನ ವಿಡಿಯೋ ವೇಸ್ಟಾ?" ಅಂತ ಕೇಳಿದರು ಅಣ್ಣ. ಹಾಗೇನಿಲ್ಲ. ಕತ್ತರಿಸದ ಪೂರ್ತಿ ವಿಡಿಯೋ, ದಿನಾಂಕ, ಅಂದಾಜು ಆಳ, ದ್ವೀಪದ ಯಾವ ಬದಿ ಇಷ್ಟಿದ್ದರೆ ಅದು ಒಂದು ದಾಖಲೆ. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದರೆ ಮೀನು ಬಲ್ಲವರು ಹೆಸರು ಹೇಳುತ್ತಾರೆ, ಇಂಥ ದಿನ ಇಂಥ ಮೀನು ಇಲ್ಲಿತ್ತು ಅನ್ನುವುದು ಉಳಿಯುತ್ತದೆ. ಚಂದದ್ದನ್ನು ಮಾತ್ರ ಹಾಕಬೇಡಿ, ಬೆಳ್ಳಗಾದ ಹವಳ, ಪಾಚಿ ಹಿಡಿದ ಬಂಡೆ, ಸಿಕ್ಕಿಹಾಕಿಕೊಂಡ ಬಲೆಯ ಚೂರು ಕಂಡರೆ ಅದರ ಫೋಟೋ ಇನ್ನೂ ಬೇಕು. ಹೆಚ್ಚು ಆಸಕ್ತಿ ಇದ್ದವರಿಗೆ ಇನ್ನೊಂದು ದಾರಿ ಇದೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ರೀಫ್ ಲೈಫ್ ಸರ್ವೆ ಎಂಬ ಯೋಜನೆಯಲ್ಲಿ ಹವ್ಯಾಸಿ ಡೈವರುಗಳೇ ತರಬೇತಿ ಪಡೆದು 50 ಮೀಟರ್ ಟೇಪು ಹಾಸಿ ಎಣಿಸುತ್ತಾರೆ. ಅವರ ಲೆಕ್ಕವನ್ನು ಆಧರಿಸಿ 87 ಸಂರಕ್ಷಿತ ಕಡಲ ಪ್ರದೇಶಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ನೇಚರ್ ಪತ್ರಿಕೆಯಲ್ಲೇ ಬಂತು. ವೀಕೆಂಡಿನಲ್ಲಿ ಮುಳುಗುವವರು ಮಾಡಿದ ಕೆಲಸ ಅದು.

ಮುಳುಗುವವರಿಗೆ ಇನ್ನೊಂದು ಮಾತು. ಮುರಿದು ಬಿದ್ದ ಹವಳದ ಚೂರನ್ನು ನೆನಪಿಗೆ ಅಂತ ಬ್ಯಾಗಿಗೆ ಹಾಕಿಕೊಳ್ಳಬೇಡಿ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ, ಅಂದರೆ ಹುಲಿಗೆ ಇರುವ ಪಟ್ಟಿಯಲ್ಲೇ.

ಇಷ್ಟೆಲ್ಲ ಹೇಳಿದ ಮೇಲೆ ಅಣ್ಣ ತಮ್ಮ ಫ್ಲ್ಯಾಟಿನ ಗ್ರೂಪಿನಲ್ಲಿ ಒಂದು ಉದ್ದ ಮೆಸೇಜು ಬರೆದರು: ವಿಡಿಯೋ ನನ್ನದು, ಆ ಸಾಲು ನನ್ನದಲ್ಲ, ಒಂದು ಡೈವಿನಿಂದ ಹವಳದ ಆರೋಗ್ಯ ತಿಳಿಯುವುದಿಲ್ಲ. ಅದಕ್ಕೆ ಎರಡು ಹೆಬ್ಬೆಟ್ಟು ಬಂದವು, ಆಮೇಲೆ ನೀರಿನ ಟ್ಯಾಂಕರ್ ಬಿಲ್ಲಿನ ಚರ್ಚೆ ಶುರುವಾಯಿತು. ಈ ಲೇಖನ ಬರೆಯುತ್ತಿರುವಾಗ ಅದೇ ವಿಡಿಯೋ ಪೀಣ್ಯದ ಓದುಗರೊಬ್ಬರಿಂದ ನಮಗೆ ಮತ್ತೆ ಬಂದಿದೆ. ಈ ಸಲ ಅದರ ಮೇಲೆ 'ಲಕ್ಷದ್ವೀಪ' ಅಂತ ಬರೆದಿದೆ.